ಬೇಕು ಎನ್ನುವುದರ ಬೆಲೆ: ಕೆಲಸ ಹುಡುಕುವ ಮುನ್ನ ಹಾಕಬೇಕಾದ ಲೆಕ್ಕ

ಕೆಲಸ ಬದಲಿಸಬೇಕೆಂದಿರುವವರನ್ನು ‘ನಿಮಗೆ ಎಂಥ ಕೆಲಸ ಬೇಕು?’ ಎಂದು ಕೇಳಿ ನೋಡಿ. ಒಳ್ಳೆಯ ಸಂಬಳ, ಕಲಿಯಲು ಅವಕಾಶ, ಅರ್ಥ ಮಾಡಿಕೊಳ್ಳುವ ಮ್ಯಾನೇಜರ್, ಮನೆಗೂ ಉಳಿಯುವಷ್ಟು ಸಮಯ, ಭದ್ರತೆ, ಮಾಡಿದ್ದಕ್ಕೆ ಮನ್ನಣೆ ಎಂಬ ಉತ್ತರವೇ ಸ್ವಲ್ಪ ಹಿಂದುಮುಂದಾಗಿ ಬಹುತೇಕ ಎಲ್ಲರಿಂದಲೂ ಬರುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇವುಗಳಲ್ಲಿ ಯಾವುದನ್ನಾದರೂ ಬೇಡವೆನ್ನುವ ಮನುಷ್ಯನನ್ನು ನಾನು ಕಂಡಿಲ್ಲ. ಯಾರೂ ಬೇಡವೆನ್ನದ ಸಂಗತಿಗಳನ್ನು ಬರೆದಿಟ್ಟುಕೊಂಡರೆ ಅದರಲ್ಲಿ ಬರೆದವರ ಗುರುತೇ ಇರುವುದಿಲ್ಲ. ಎರಡು ಕೆಲಸಗಳ ಆಫರ್ ಒಟ್ಟಿಗೆ ಬಂದು, ಒಂದರಲ್ಲಿ ಸಂಬಳ ಹೆಚ್ಚಿದ್ದು ಇನ್ನೊಂದರಲ್ಲಿ ಕಲಿಕೆ ಹೆಚ್ಚಿದ್ದರೆ, ಆ ಪಟ್ಟಿ ಎರಡರ ಕಡೆಗೂ ಕೈ ತೋರಿಸಿ ಸುಮ್ಮನಾಗುತ್ತದೆ. ಬಹಳ ವರ್ಷಗಳಿಂದ ಸಂದರ್ಶನದ ಮೇಜಿನ ಎರಡೂ ಬದಿಗಳಲ್ಲಿ ಕುಳಿತಿರುವ ನನಗೆ ಈ ಸಂಗತಿ ಮತ್ತೆ ಮತ್ತೆ ಕಾಡಿದೆ. ಬುದ್ಧಿವಂತರು, ತಮ್ಮ ಕೆಲಸವನ್ನು ಚೆನ್ನಾಗಿ ಬಲ್ಲವರು, ರೆಸ್ಯೂಮೆಯನ್ನು ವಾರಗಟ್ಟಲೆ ತಿದ್ದಿದವರು ತಮಗೆ ಏನು ಬೇಕು ಎಂಬ ಪ್ರಶ್ನೆಗೆ ಮಾತ್ರ ಒಂದು ಸಂಜೆಯನ್ನೂ ಕೊಟ್ಟಿರುವುದಿಲ್ಲ.

ಬೇಕಾದದ್ದನ್ನು ಬರೆದಿಡುವುದು ಸುಲಭ. ಒಂದು ಬೇಕಿಗಾಗಿ ಇನ್ನೊಂದು ಬೇಕನ್ನು ಎಷ್ಟರ ಮಟ್ಟಿಗೆ ಬಿಟ್ಟುಕೊಡುತ್ತೇನೆ ಎಂದು ಬರೆದಿಡುವುದು ಕಷ್ಟ. ಆದ್ಯತೆ ಎಂದು ನಾವು ಕರೆಯುವುದೆಲ್ಲ ಈ ಎರಡನೆಯ ಬರವಣಿಗೆಯಲ್ಲಿದೆ ಎಂಬುದು ನನ್ನ ನಂಬಿಕೆ.

ಪ್ರೀಸ್ಟ್ಲಿಗೆ ಬಂದ ಆಹ್ವಾನ

ಈ ಲೆಕ್ಕದ ಬಗ್ಗೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಸಲಹೆ ಇನ್ನೂರೈವತ್ತು ವರ್ಷಗಳಷ್ಟು ಹಳೆಯದು, ಮತ್ತು ಅದು ಹುಟ್ಟಿದ್ದೇ ಒಂದು ಕೆಲಸದ ಆಫರ್‌ನಿಂದ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಪಾದ್ರಿಯಾಗಿದ್ದರು. ಬಿಡುವಿನಲ್ಲಿ ವಿಜ್ಞಾನದ ಪ್ರಯೋಗಗಳನ್ನು ಮಾಡುತ್ತಿದ್ದರು. ಲಾರ್ಡ್ ಶೆಲ್ಬರ್ನ್ ಎಂಬ ರಾಜಕಾರಣಿ ತಮ್ಮ ಗ್ರಂಥಾಲಯವನ್ನು ನೋಡಿಕೊಳ್ಳಲು, ಮಕ್ಕಳ ಓದಿಗೆ ದಾರಿ ತೋರಿಸಲು ಅವರನ್ನು ಕರೆದರು. ಸಂಬಳ ಹೆಚ್ಚು, ಆದರೆ ನೆಲೆಯಾಗಿದ್ದ ಊರನ್ನೂ ಒಪ್ಪಿದ ಚರ್ಚಿನ ಸಭೆಯನ್ನೂ ಬಿಟ್ಟು ಒಬ್ಬ ದೊಡ್ಡ ಮನುಷ್ಯನ ಆಶ್ರಯಕ್ಕೆ ಹೋಗಬೇಕು. ಪ್ರೀಸ್ಟ್ಲಿ ಆಗ ಲಂಡನ್ನಿನಲ್ಲಿದ್ದ ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್ ಅವರ ಸಲಹೆ ಕೇಳಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಫ್ರಾಂಕ್ಲಿನ್ ಬರೆದ ಉತ್ತರದಲ್ಲಿ ‘ಹೋಗು’ ಎಂದಾಗಲಿ ‘ಬೇಡ’ ಎಂದಾಗಲಿ ಇರಲಿಲ್ಲ. ನಿರ್ಧಾರಕ್ಕೆ ಬರುವ ಬಗೆಯಷ್ಟೇ ಇತ್ತು. ಹಾಳೆಯ ನಡುವೆ ಗೆರೆ ಎಳೆದು ಒಂದು ಬದಿಗೆ ಪರವಾದದ್ದನ್ನೂ ಇನ್ನೊಂದು ಬದಿಗೆ ವಿರುದ್ಧವಾದದ್ದನ್ನೂ ಮೂರು ನಾಲ್ಕು ದಿನ ಹೊಳೆದಂತೆ ಬರೆಯುತ್ತ ಹೋಗಬೇಕು. ಆಮೇಲೆ ಎರಡೂ ಬದಿಗಳಲ್ಲಿ ಸಮತೂಕದವು ಕಂಡರೆ ಎರಡನ್ನೂ ಹೊಡೆದು ಹಾಕಬೇಕು; ಈ ಬದಿಯ ಒಂದು ಕಾರಣ ಆ ಬದಿಯ ಎರಡಕ್ಕೆ ಸಮವೆನಿಸಿದರೆ ಮೂರನ್ನೂ ಹೊಡೆದು ಹಾಕಬೇಕು. ಉಳಿದದ್ದು ಯಾವ ಕಡೆ ಭಾರವೆಂದು ನೋಡಿ, ಮತ್ತೊಂದೆರಡು ದಿನ ಬಿಟ್ಟು, ಹೊಸದೇನೂ ಹೊಳೆಯದಿದ್ದರೆ ತೀರ್ಮಾನಿಸಬೇಕು.

ಈ ಕಾಗದದಿಂದ ಜಗತ್ತು ನೆನಪಿಟ್ಟುಕೊಂಡಿರುವುದು ನಡುವಿನ ಗೆರೆಯನ್ನು. ನನಗೆ ಮುಖ್ಯವೆನಿಸುವುದು ಹೊಡೆದು ಹಾಕುವ ಭಾಗ. ಒಂದು ಕಾರಣ ಎರಡಕ್ಕೆ ಸಮ ಎಂದು ಗೀಟು ಎಳೆಯುವಾಗ ಮನುಷ್ಯ ತನ್ನ ಮನಸ್ಸಿನ ತಕ್ಕಡಿಯನ್ನು ನಿಜವಾಗಿ ಬಳಸುತ್ತಾನೆ. ಅಲ್ಲಿಯವರೆಗೆ ನಡೆದದ್ದು ಬರೀ ಪಟ್ಟಿ ಮಾಡುವ ಕೆಲಸ. ಮೂರು ನಾಲ್ಕು ದಿನ ಬೇಕೆಂಬ ಮಾತಿಗೂ ಅಷ್ಟೇ ಬೆಲೆಯಿದೆ. ಪರವಾದ ಕಾರಣಗಳು ಒಂದು ದಿನ, ವಿರುದ್ಧವಾದವು ಇನ್ನೊಂದು ದಿನ ಹೊಳೆಯುವುದರಿಂದ ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಇರುವುದಿಲ್ಲ ಎಂಬ ತೊಡಕನ್ನು ಫ್ರಾಂಕ್ಲಿನ್ ಸರಿಯಾಗಿ ಗುರುತಿಸಿದ್ದರು. ಪ್ರೀಸ್ಟ್ಲಿ ಕೊನೆಗೆ ಶೆಲ್ಬರ್ನ್ ಅವರ ಬಳಿ ಹೋದರು, 1780ರವರೆಗೆ ಅಲ್ಲಿದ್ದರು. ಆ ಕೆಲಸ ಅವರಿಗೆ ಸಂಬಳದ ಜೊತೆಗೆ ಪ್ರಯೋಗಕ್ಕೆ ಬೇಕಾದ ಬಿಡುವನ್ನೂ ಅನುಕೂಲವನ್ನೂ ಕೊಟ್ಟಿತ್ತು. ಪಾದರಸದ ಕೆಂಪು ಭಸ್ಮವನ್ನು ಮಸೂರದಿಂದ ಕಾಯಿಸಿ ನಾವು ಇಂದು ಆಮ್ಲಜನಕವೆನ್ನುವ ಅನಿಲವನ್ನು ಅವರು ಹೊರತೆಗೆದದ್ದು 1774ರ ಆಗಸ್ಟ್‌ನಲ್ಲಿ, ಅದೇ ನೌಕರಿಯಲ್ಲಿದ್ದಾಗ.

ಚೀಟಿಗಳ ಸಂಜೆ

ಅಕ್ಕನ ಮಗಳು ಒಂದು ಸಂಜೆ ಇಂಥದ್ದೇ ಪಟ್ಟಿ ಹಿಡಿದು ನನ್ನ ಮುಂದೆ ಕುಳಿತಿದ್ದಳು. ಮೊದಲ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಬೇಸರ ಬಂದಿತ್ತು, ಆದರೆ ಏತರ ಬೇಸರ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ. ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ ಒಂಬತ್ತೋ ಹತ್ತೋ ಸಾಲುಗಳ ಎದುರಿಗೆಲ್ಲ ‘ಬಹಳ ಮುಖ್ಯ’ ಎಂದಿತ್ತು. ನಾನು ಒಂದು ಹಾಳೆಯನ್ನು ಹರಿದು ಚೀಟಿಗಳನ್ನು ಮಾಡಿ, ಒಂದೊಂದರ ಮೇಲೆ ಒಂದೊಂದು ಸಾಲು ಬರೆಯಲು ಹೇಳಿದೆ. ಆಮೇಲೆ ಎರಡೆರಡನ್ನೇ ಮುಂದಿಟ್ಟು ಕೇಳುತ್ತ ಹೋದೆ. ‘ಯಾವುದು ಮುಖ್ಯ?’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎರಡೂ ಮುಖ್ಯವೆಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಒಂದು ನಿಜವಾದ ಕೆಲಸವನ್ನೇ ಎದುರಿಗಿಟ್ಟಂತೆ ಕೇಳಿದೆ: “ಈಗಿನಷ್ಟೇ ಸಂಬಳ. ಹೊಸದೇನೂ ಕಲಿಯುವುದಿಲ್ಲ. ಆದರೆ ದಿನವೂ ಸಂಜೆ ಆರಕ್ಕೆ ಕೆಲಸ ಮುಗಿಯುತ್ತದೆ, ಆಮೇಲೆ ಒಂದು ಫೋನೂ ಬರುವುದಿಲ್ಲ. ಸೇರುತ್ತೀಯಾ?”

ಅವಳು ಚೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ಬಹಳ ಹೊತ್ತು ಯೋಚಿಸಿದಳು. “ಒಂದು ವರ್ಷ ಆದರೆ ಸೇರುತ್ತೇನೆ ಚಿಕ್ಕಮ್ಮ. ಮೂರು ವರ್ಷ ಅಂದರೆ ನನ್ನಿಂದ ಆಗುವುದಿಲ್ಲ” ಎಂದಳು. ಈ ಉತ್ತರದಲ್ಲಿ ಅವಳ ಇಡೀ ಪಟ್ಟಿಗಿಂತ ಹೆಚ್ಚಿನ ಮಾಹಿತಿ ಇತ್ತು. ಅವಳಿಗೆ ಈಗ ಬೇಕಾಗಿರುವುದು ವಿಶ್ರಾಂತಿ, ಮುಂದಕ್ಕೆ ಬೇಕಾಗಿರುವುದು ಕಲಿಕೆ. ಎರಡನ್ನೂ ಒಂದೇ ದಿನಾಂಕದಡಿ ಬರೆದುಕೊಂಡದ್ದರಿಂದ ಅವು ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಹೀಗೆಯೇ ಸಂಬಳದ ಚೀಟಿಯನ್ನೂ ನಡೆಸಿದೆವು. ಕಲಿಸುವಂಥ ಮ್ಯಾನೇಜರ್ ಸಿಗುವುದಾದರೆ ಈಗಿನ ಸಂಬಳದಲ್ಲಿ ಹತ್ತರಲ್ಲೊಂದು ಭಾಗ ಕಡಿಮೆಯಾದರೆ ನಡೆಯುತ್ತದೆಯೇ? ನಡೆಯುತ್ತದೆ. ಐದರಲ್ಲೊಂದು ಭಾಗ? ತಲೆಯಾಡಿಸಿದಳು, ಸಾಧ್ಯವಿಲ್ಲ ಎಂದಳು. ಎಲ್ಲಿ ಒಪ್ಪಿಗೆ ನಿಂತು ಹೋಗುತ್ತದೆಯೋ ಆ ಜಾಗ ತಿಳಿದರೆ ‘ಸಂಬಳ ಬಹಳ ಮುಖ್ಯ’ ಎಂಬ ಸಾಲನ್ನು ಅಳಿಸಬಹುದು. ಅದರ ಬದಲಿಗೆ ಒಂದು ಅಂಕಿ ಬರುತ್ತದೆ.

ಒಂದು ಚೀಟಿಯ ಮೇಲೆ ‘ದೊಡ್ಡ ಹೆಸರಿನ ಕಂಪನಿ’ ಎಂದಿತ್ತು. ಅದು ಪ್ರತಿ ಜೋಡಿಯಲ್ಲೂ ಸೋಲುತ್ತಿತ್ತು, ಆದರೂ ಅವಳು ಅದನ್ನು ಪಕ್ಕಕ್ಕಿಡಲು ಒಪ್ಪುತ್ತಿರಲಿಲ್ಲ. ಯಾಕೆಂದು ಕೇಳಿದಾಗ ಸ್ವಲ್ಪ ತಡೆದು, “ಅದು ಅಪ್ಪನಿಗೆ” ಎಂದಳು. ನಾನು ಆ ಚೀಟಿಯನ್ನು ಎಸೆಯಲು ಹೇಳಲಿಲ್ಲ. ನಮ್ಮನ್ನು ಬೆಳೆಸಿದವರ ಸಂತೋಷವನ್ನು ಲೆಕ್ಕದಲ್ಲಿ ಹಿಡಿಯುವುದು ತಪ್ಪೆಂದು ನನಗೆ ಅನಿಸುವುದಿಲ್ಲ. ಆದರೆ ಅದರ ಹಿಂಬದಿಯಲ್ಲಿ ‘ಅಪ್ಪ’ ಎಂದು ಬರೆಯಲು ಹೇಳಿದೆ. ತನ್ನ ಆಸೆ ಯಾವುದು, ತನ್ನವರ ಆಸೆ ಯಾವುದು ಎಂಬುದು ಬೇರೆ ಬೇರೆಯಾಗಿ ಕಂಡರೆ ಸಾಕು. ಎರಡನೆಯದಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಆಗ ತಿಳಿದೇ ನಿರ್ಧರಿಸಬಹುದು, ಮತ್ತು ಅಪ್ಪನ ಜೊತೆ ಕುಳಿತು ಆ ಮಾತನ್ನು ನೇರವಾಗಿ ಆಡಲೂಬಹುದು.

ಕಳೆದ ದಿನಗಳ ಸಾಕ್ಷಿ

ಚೀಟಿಗಳ ಆಟದಲ್ಲೂ ಒಂದು ಕೊರತೆಯಿದೆ. ಅಲ್ಲಿ ಉತ್ತರ ಕೊಡುವುದು ನಮ್ಮ ಕಲ್ಪನೆ, ಮತ್ತು ಮುಂದೆ ಏನು ಹಿತವೆನಿಸೀತು ಎಂಬುದನ್ನು ಊಹಿಸುವುದರಲ್ಲಿ ಮನುಷ್ಯರ ಕಲ್ಪನೆ ಅಷ್ಟು ನಂಬಿಕಸ್ಥವಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಎಡ್ಗರ್ ಶೈನ್ ಅವರು 1960ರ ದಶಕದ ಆರಂಭದಲ್ಲಿ ತಮ್ಮಲ್ಲಿ ಓದಿ ಹೊರಬಿದ್ದ 44 ಮಂದಿಯ ವೃತ್ತಿಜೀವನವನ್ನು ಬೆನ್ನು ಹತ್ತಿ ನೋಡಿದರು. ಹಲವು ವರ್ಷಗಳ ನಂತರ ಅವರನ್ನು ಮತ್ತೆ ಮಾತಾಡಿಸಿದಾಗ, ಒಬ್ಬೊಬ್ಬರೂ ಹಿಡಿದ ಕೆಲಸಗಳು ಹೊರನೋಟಕ್ಕೆ ಬೇರೆ ಬೇರೆಯಾಗಿದ್ದರೂ, ಬದಲಿಸಿದ್ದಕ್ಕೆ ಅವರು ಕೊಡುತ್ತಿದ್ದ ಕಾರಣಗಳಲ್ಲಿ ಒಂದು ಹೊಂದಿಕೆ ಕಂಡಿತು. ಹೊಂದದ ಕೆಲಸಕ್ಕೆ ಹೋದವರು ಯಾವುದೋ ಒಂದರ ಕಡೆಗೆ ಮತ್ತೆ ಎಳೆಯಲ್ಪಡುತ್ತಿದ್ದರು. ಅದನ್ನು ಅವರು ವೃತ್ತಿಯ ಲಂಗರು ಎಂದು ಕರೆದರು. ಪರಿಣತಿ, ಆಡಳಿತದ ಹೊಣೆ, ಸ್ವಾತಂತ್ರ್ಯ, ಭದ್ರತೆ, ಹೊಸದನ್ನು ಕಟ್ಟುವ ಹಂಬಲ ಎಂದು ಮೊದಲು ಐದು ಲಂಗರುಗಳನ್ನು ಗುರುತಿಸಿ, ಮುಂದೆ ಸೇವೆ, ಸವಾಲು, ಜೀವನಶೈಲಿ ಎಂಬ ಮೂರನ್ನು ಸೇರಿಸಿದರು. ಕಷ್ಟದ ಆಯ್ಕೆ ಎದುರಾದಾಗಲೂ ಕೈಬಿಡದ ಒಂದು ಯಾವುದೋ ಅದೇ ಲಂಗರು ಎಂಬುದು ಶೈನ್ ಅವರ ವಿವರಣೆ. ನನಗೆ ಈ ಎಂಟರ ವಿಂಗಡಣೆಗಿಂತ ಅವರು ಹಿಡಿದ ದಾರಿ ಹೆಚ್ಚು ಉಪಯುಕ್ತವೆನಿಸುತ್ತದೆ. ಕನಸೇನು ಎಂದು ಕೇಳುವ ಬದಲು ಅವರು, ಆ ಕೆಲಸವನ್ನು ಯಾಕೆ ಹಿಡಿದಿರಿ, ಯಾಕೆ ಬಿಟ್ಟಿರಿ, ಬಿಟ್ಟಾಗ ಏನನಿಸಿತು ಎಂದು ಕೇಳುತ್ತ ಹೋದರು.

ಇದನ್ನು ನಾನು ನನ್ನ ಮೇಲೆಯೇ ಮಾಡಿ ನೋಡಿದ್ದೇನೆ. ಕೆಲಸದ ದಿನಚರಿಯಲ್ಲಿ ಅಂದಂದಿನ ಕೆಲಸವನ್ನು ಒಂದೆರಡು ಸಾಲು ಬರೆದಿಡುವ ಅಭ್ಯಾಸ ನನಗಿದೆ. ಕೆಲಸ ಬದಲಿಸುವ ಯೋಚನೆ ಬಂದ ವರ್ಷ ಆ ಪುಸ್ತಕವನ್ನು ಮೊದಲಿನಿಂದ ತಿರುವಿ, ಮತ್ತೆ ಬದುಕಬೇಕೆನಿಸುವ ದಿನಗಳ ಪಕ್ಕದಲ್ಲಿ ಒಂದು ಚುಕ್ಕಿ ಇಡುತ್ತ ಹೋದೆ. ದೊಡ್ಡ ಸಭೆಗಳಲ್ಲಿ ಮಾತಾಡಿ ಚಪ್ಪಾಳೆ ಪಡೆದ ದಿನಗಳಿಗೆ ಚುಕ್ಕಿ ಬೀಳಲೇ ಇಲ್ಲ. ಅವುಗಳ ಬಗ್ಗೆ ನಾನು ಬರೆದದ್ದೂ ಒಂದೇ ಸಾಲು. ಎಲ್ಲಿ ಕೆಟ್ಟಿದೆಯೆಂದು ಯಾರಿಗೂ ತಿಳಿಯದ ಒಂದು ಲೆಕ್ಕದ ಕಡತವನ್ನು ಸಹೋದ್ಯೋಗಿಯೊಬ್ಬರ ಜೊತೆ ಮಧ್ಯಾಹ್ನವಿಡೀ ಬಿಡಿಸಿದ ದಿನದ ಬಗ್ಗೆ ಮಾತ್ರ ಪುಟ ತುಂಬಿತ್ತು, ಅಂಚಿನಲ್ಲೂ ಬರೆದಿದ್ದೆ. ಕೆಟ್ಟ ದಿನಗಳಲ್ಲೂ ಒಂದು ಕ್ರಮ ಕಂಡಿತು. ಕೆಲಸದ ಹೊರೆ ಹೆಚ್ಚಿದ್ದ ದಿನಗಳು ಕೆಟ್ಟವಾಗಿರಲಿಲ್ಲ. ಅರ್ಧ ಮುಗಿಸಿದ ಕೆಲಸವನ್ನು ಮೇಲಿನಿಂದ ಬಂದ ಹೊಸ ಸೂಚನೆಯಿಂದಾಗಿ ಬದಿಗಿಡಬೇಕಾದ ದಿನಗಳೆಲ್ಲ ಕೆಟ್ಟವಾಗಿದ್ದವು. ‘ಕೆಲಸದ ಒತ್ತಡ ಕಡಿಮೆ ಇರುವ ಕಡೆ ಹೋಗಬೇಕು’ ಎಂದುಕೊಂಡು ಹುಡುಕುವವರಿಗೂ, ‘ಹಿಡಿದ ಕೆಲಸವನ್ನು ಮುಗಿಸಲು ಬಿಡುವ ಕಡೆ ಹೋಗಬೇಕು’ ಎಂದುಕೊಂಡು ಹುಡುಕುವವರಿಗೂ ಒಪ್ಪಿಗೆಯಾಗುವ ಕೆಲಸಗಳು ಬೇರೆ ಬೇರೆ. ದಿನಚರಿ ಇಲ್ಲದವರಿಗೂ ಕ್ಯಾಲೆಂಡರ್ ಇರುತ್ತದೆ, ಕಳುಹಿಸಿದ ಇಮೇಲ್‌ಗಳಿರುತ್ತವೆ. ಅಷ್ಟು ಸಾಕ್ಷಿ ಸಾಕು.

ದಿನಗಳನ್ನು ಹೀಗೆ ಬಿಡಿಸಿ ನೋಡುವ ಕ್ರಮದಿಂದ ಸಂಶೋಧಕರೂ ಕೆಲವು ಸಂಗತಿಗಳನ್ನು ಕಂಡುಕೊಂಡಿದ್ದಾರೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸ್‌ನಲ್ಲಿ ದುಡಿಯುವ 909 ಮಹಿಳೆಯರಿಗೆ ಹಿಂದಿನ ದಿನವನ್ನು ತುಂಡು ತುಂಡಾಗಿ ನೆನಪಿಸಿಕೊಂಡು, ಪ್ರತಿ ತುಂಡಿನಲ್ಲಿ ಮನಸ್ಸು ಹೇಗಿತ್ತೆಂದು ಗುರುತು ಹಾಕಲು ಹೇಳಿದರು. ಅತ್ಯಂತ ಅಹಿತಕರವೆನಿಸಿದವುಗಳ ಸಾಲಿನಲ್ಲಿ ಕೆಲಸಕ್ಕೆ ಹೋಗಿ ಬರುವ ಪ್ರಯಾಣವಿತ್ತು. ಜರ್ಮನಿಯ ದತ್ತಾಂಶವನ್ನು ಪರಿಶೀಲಿಸಿದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಪ್ರಯಾಣ ಉದ್ದವಾದಷ್ಟೂ ಜನರ ತೃಪ್ತಿ ಕಡಿಮೆಯಿತ್ತು. ಅದರಿಂದ ಸಿಗುವ ಸಂಬಳವಾಗಲಿ ಮನೆಯ ಅನುಕೂಲವಾಗಲಿ ಆ ಕೊರತೆಯನ್ನು ತುಂಬಿಕೊಟ್ಟಿರಲಿಲ್ಲ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದು ಹಿಡಿದರೆ ವರ್ಷದ 230 ಕೆಲಸದ ದಿನಗಳಿಗೆ 460 ಗಂಟೆಗಳಾಗುತ್ತವೆ, ಅಂದರೆ ಎಂಟು ಗಂಟೆಯ ಐವತ್ತೇಳಕ್ಕೂ ಹೆಚ್ಚು ದಿನಗಳು. ಆಫರ್ ಪತ್ರದಲ್ಲಿ ಸಂಬಳಕ್ಕೆ ಒಂದು ಸಾಲು ಇರುತ್ತದೆ, ಈ ಐವತ್ತೇಳು ದಿನಗಳಿಗೆ ಸಾಲಿಲ್ಲ. ಬರೆದು ಕೊಡದ ಇಂಥ ಸಂಗತಿಗಳನ್ನು ನಾವೇ ನಮ್ಮ ಹಾಳೆಯಲ್ಲಿ ಬರೆದುಕೊಳ್ಳಬೇಕಾಗುತ್ತದೆ.

ಎಲ್ಲೆಗಳು ಎಷ್ಟಿರಬೇಕು

ಇಷ್ಟೆಲ್ಲ ಆದ ಮೇಲೆ ಉಳಿಯುವವುಗಳಲ್ಲಿ ಎರಡು ಜಾತಿಗಳಿವೆ. ಕೆಲವು ಇಲ್ಲದಿದ್ದರೆ ಆ ಕೆಲಸವೇ ಬೇಡ. ಉಳಿದವು ಎಷ್ಟಿದ್ದರೆ ಅಷ್ಟು ಒಳ್ಳೆಯದು. ಮೊದಲನೆಯದನ್ನು ಎಲ್ಲೆ ಎನ್ನೋಣ. ಅನಾರೋಗ್ಯದಲ್ಲಿರುವ ತಾಯಿಯನ್ನು ನೋಡಿಕೊಳ್ಳುವವರಿಗೆ ರಾತ್ರಿ ಪಾಳಿ ಇರಬಾರದೆಂಬುದು ಎಲ್ಲೆ. ಅದರಲ್ಲಿ ಚೌಕಾಸಿ ಇಲ್ಲ. ಆದರೆ ಹುಮ್ಮಸ್ಸಿನಲ್ಲಿ ಎಲ್ಲೆಗಳನ್ನು ಹೆಚ್ಚಿಸುತ್ತ ಹೋಗುವವರು ಒಂದು ಸರಳ ಗುಣಾಕಾರವನ್ನು ಮರೆಯುತ್ತಾರೆ. ಒಂದೊಂದು ಷರತ್ತನ್ನೂ ಮಾರುಕಟ್ಟೆಯಲ್ಲಿರುವ ಕೆಲಸಗಳ ಪೈಕಿ ಅರ್ಧದಷ್ಟು ಪೂರೈಸುತ್ತವೆ, ಒಂದಕ್ಕೊಂದು ಸಂಬಂಧವಿಲ್ಲ ಎಂದುಕೊಂಡರೆ, ಐದು ಷರತ್ತುಗಳನ್ನೂ ಪೂರೈಸುವುದು 32ರಲ್ಲಿ ಒಂದು, ಏಳನ್ನೂ ಪೂರೈಸುವುದು 128ರಲ್ಲಿ ಒಂದು. ನಿಜ ಜೀವನದಲ್ಲಿ ಷರತ್ತುಗಳು ಒಂದಕ್ಕೊಂದು ತೊಡಕಿಕೊಂಡೇ ಇರುವುದರಿಂದ ಈ ಲೆಕ್ಕ ಹೀಗೆಯೇ ಬರುವುದಿಲ್ಲ, ಆದರೆ ಅದು ಸಾಗುವ ದಿಕ್ಕು ಇದೇ. ಎರಡು ಅಥವಾ ಮೂರು ಎಲ್ಲೆಗಳನ್ನು ಗಟ್ಟಿಯಾಗಿ ಹಿಡಿದು, ಮಿಕ್ಕೆಲ್ಲವನ್ನೂ ತೂಗಿ ನೋಡುವ ಬದಿಗೆ ಹಾಕುವುದು ವಿವೇಕ ಎಂದು ನನಗೆ ಅನಿಸುತ್ತದೆ.

ಎಲ್ಲೆಯ ಒಳಗಿರುವ ಕೆಲಸ ಸಿಕ್ಕಿದ ಮೇಲೂ ಇನ್ನೂ ಉತ್ತಮವಾದದ್ದು ಎಲ್ಲೋ ಇದೆಯೆಂದು ಹುಡುಕುತ್ತಲೇ ಇರಬೇಕೇ? ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ, ಮನುಷ್ಯರು ಎಲ್ಲ ಸಾಧ್ಯತೆಗಳನ್ನೂ ತೂಗಿ ಅತ್ಯುತ್ತಮವನ್ನು ಆರಿಸಲಾರರು, ತಮ್ಮ ಮಟ್ಟಕ್ಕೆ ಸಾಕೆನಿಸುವುದು ಸಿಕ್ಕಾಗ ನಿಲ್ಲುತ್ತಾರೆ ಎಂದು ತೋರಿಸಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಶೀನಾ ಅಯ್ಯಂಗಾರ್ ಮತ್ತು ಸಂಗಡಿಗರು ಕೆಲಸ ಹುಡುಕುತ್ತಿದ್ದ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಅತ್ಯುತ್ತಮವೇ ಬೇಕೆಂದು ಹುಡುಕಿದವರು ಉಳಿದವರಿಗಿಂತ ಶೇ. 20ರಷ್ಟು ಹೆಚ್ಚು ಸಂಬಳದ ಕೆಲಸಗಳನ್ನು ಹಿಡಿದಿದ್ದರು, ಆದರೆ ಸಿಕ್ಕ ಕೆಲಸದ ಬಗ್ಗೆ ಅವರಿಗಿದ್ದ ತೃಪ್ತಿ ಕಡಿಮೆಯಿತ್ತು. ಇದನ್ನು ಓದಿ ಸಂಬಳವೇ ಬೇಡವೆಂದು ತಿಳಿಯುವುದು ಸರಿಯಲ್ಲ, ಶೇ. 20 ಸಣ್ಣ ಮೊತ್ತವಲ್ಲ, ಸಾಲ ತೀರಿಸಬೇಕಾದ ಮನೆಗೆ ಅದು ಬಹಳ ದೊಡ್ಡದು. ಹುಡುಕಾಟ ಎಲ್ಲಿ ನಿಲ್ಲಬೇಕೆಂಬುದನ್ನೂ ಆದ್ಯತೆಗಳ ಹಾಳೆಯಲ್ಲೇ ಮೊದಲು ಬರೆದಿಡಬೇಕೆಂಬುದಷ್ಟೇ ನಾನು ಇದರಿಂದ ತೆಗೆದುಕೊಳ್ಳುವ ಮಾತು.

ಕೈಯಲ್ಲಿ ಕೆಲಸವಿಲ್ಲದೆ, ಉಳಿತಾಯ ಕರಗುತ್ತಿರುವಾಗ ಹುಡುಕುವವರಿಗೆ ಈ ಮಾತುಗಳೆಲ್ಲ ದೂರದವೆನಿಸಬಹುದು. ಅವರಿಗೇ ಇವು ಹೆಚ್ಚು ಬೇಕೆಂದು ನನ್ನ ಅನಿಸಿಕೆ. ‘ಯಾವ ಕೆಲಸವಾದರೂ ಸರಿ’ ಎಂದು ಹೊರಟವರು ಎಲ್ಲ ಕಡೆಗೂ ಒಂದೇ ಅರ್ಜಿ ಹಾಕುತ್ತಾರೆ, ಎಲ್ಲೂ ಹೊಂದುವವರಂತೆ ಕಾಣುವುದಿಲ್ಲ. ಅವರ ಹಾಳೆಯಲ್ಲಿ ದಿನಾಂಕಗಳಿರಬೇಕು. ಇಂಥ ತಿಂಗಳವರೆಗೆ ಎಲ್ಲೆ ಇಷ್ಟು, ಅದರ ನಂತರ ಇಷ್ಟು ಸಡಿಲ. ಸಂಬಳದ ಕನಿಷ್ಠ ಮೊತ್ತ ಮೊದಲು ಇಳಿಯಲಿ, ಆಮೇಲೆ ಹುದ್ದೆಯ ಹೆಸರು, ಊರು ಬದಲಿಸುವುದು ಕೊನೆಗೆ ಎಂದು ಯಾವ ಕ್ರಮದಲ್ಲಿ ಸಡಿಲಿಸುತ್ತೇನೆಂಬುದೂ ಬರೆದಿರಬೇಕು. ಹಣದ ಭಯ ಹೆಚ್ಚಾದ ರಾತ್ರಿ ಎಲ್ಲವನ್ನೂ ಒಟ್ಟಿಗೆ ಸಡಿಲಿಸಿಬಿಡುವುದನ್ನು ಇದು ತಡೆಯುತ್ತದೆ. ಸಿಕ್ಕಿದ ಕೆಲಸಕ್ಕೆ ಸೇರಿಕೊಂಡ ಮೇಲೆ ಯಾವುದನ್ನು ತಾತ್ಕಾಲಿಕವಾಗಿ ಬಿಟ್ಟುಕೊಟ್ಟಿದ್ದೇನೆಂಬ ನೆನಪೂ ಉಳಿಯುತ್ತದೆ.

ಆದ್ಯತೆಯಿಂದ ಪ್ರಶ್ನೆಗೆ

ಹಾಳೆಯಲ್ಲಿ ಉಳಿದ ಪ್ರತಿಯೊಂದು ಸಾಲೂ ಸಂದರ್ಶನದಲ್ಲಿ ಕೇಳಬಹುದಾದ ಒಂದು ಪ್ರಶ್ನೆಯಾಗದಿದ್ದರೆ ಅದು ಇನ್ನೂ ಮಸುಕಾಗಿದೆ ಎಂದರ್ಥ. ‘ಇಲ್ಲಿ ಮನೆ ಮತ್ತು ಕೆಲಸದ ನಡುವೆ ಸಮತೋಲನವಿದೆಯೇ?’ ಎಂದು ಕೇಳಿದರೆ ಇಲ್ಲವೆನ್ನುವ ಸಂಸ್ಥೆಯಿಲ್ಲ. ‘ಕಳೆದ ತಿಂಗಳು ಈ ತಂಡದವರು ಎಷ್ಟು ರಾತ್ರಿ ಕೆಲಸ ಮಾಡಬೇಕಾಯಿತು, ಯಾಕೆ?’ ಎಂದರೆ ಎದುರಿಗಿರುವವರು ನಡೆದದ್ದನ್ನು ನೆನಪಿಸಿಕೊಳ್ಳಲೇಬೇಕು. ‘ಬೆಳೆಯಲು ಅವಕಾಶವಿದೆಯೇ?’ ಎನ್ನುವುದಕ್ಕಿಂತ ‘ಈ ತಂಡದಲ್ಲಿ ಕೊನೆಯ ಬಾರಿ ಬಡ್ತಿ ಸಿಕ್ಕಿದ್ದು ಯಾವ ಕೆಲಸ ಮಾಡಿದವರಿಗೆ?’ ಎನ್ನುವುದು ಲೇಸು. ‘ಈ ಹುದ್ದೆ ಖಾಲಿಯಾದದ್ದು ಹೇಗೆ?’ ಎಂಬ ಪ್ರಶ್ನೆಯನ್ನು ನಾನಂತೂ ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಮೇಜಿನ ಆ ಬದಿಯಲ್ಲಿ ಕುಳಿತವಳಾಗಿ ಹೇಳುವುದಾದರೆ, ಹೀಗೆ ಕೇಳುವ ಅಭ್ಯರ್ಥಿಯ ಮೇಲೆ ಗೌರವ ಹೆಚ್ಚುತ್ತದೆ. ಕೆಲಸದ ಹಿತವನ್ನೂ ಅಹಿತವನ್ನೂ ಮೊದಲೇ ತೆರೆದು ಹೇಳಿದರೆ ಸೇರಿದವರು ಬೇಗ ಬಿಟ್ಟು ಹೋಗುವುದು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕ ಜಾನ್ ವನೌಸ್ 1970ರ ದಶಕದಿಂದ ನಡೆಸಿದ ಅಧ್ಯಯನಗಳು ತೋರಿಸಿವೆ. ಆದ್ದರಿಂದ ನೇರ ಪ್ರಶ್ನೆಯಿಂದ ಸಂಸ್ಥೆಗೂ ಲಾಭವೇ.

ಅಕ್ಕನ ಮಗಳು ರಾತ್ರಿಯ ಕೆಲಸದ ಪ್ರಶ್ನೆಯನ್ನು ಒಂದು ಕಡೆ ಕೇಳಿದಾಗ, ಪ್ರತಿ ಮೂರು ತಿಂಗಳ ಕೊನೆಯ ಎರಡು ವಾರ ಬಹಳ ಕಷ್ಟವಿರುತ್ತದೆ, ಉಳಿದ ಸಮಯ ಹಾಗಿಲ್ಲ ಎಂದು ಆ ಮ್ಯಾನೇಜರ್ ಒಪ್ಪಿಕೊಂಡರಂತೆ. ಆ ವಾರಗಳು ಯಾವುವೆಂದು ವರ್ಷದ ಆರಂಭದಲ್ಲೇ ಗೊತ್ತಿರುತ್ತದೆ ಎಂಬುದು ಅವಳಿಗೆ ಎರಡನೆಯ ಪ್ರಶ್ನೆಯಿಂದ ತಿಳಿಯಿತು. ರಾತ್ರಿ ಕೆಲಸವೇ ಇರಬಾರದೆಂದು ಬರೆದುಕೊಂಡಿದ್ದವಳು, ತನ್ನನ್ನು ದಣಿಸುತ್ತಿದ್ದದ್ದು ಯಾವಾಗ ಫೋನ್ ಬರುತ್ತದೋ ಎಂಬ ಅನಿಶ್ಚಿತತೆ ಎಂಬುದನ್ನು ಅಲ್ಲಿ ಕಂಡುಕೊಂಡು ಆ ಸಾಲನ್ನು ತಿದ್ದಿದಳು. ಹುಡುಕಾಟದ ನಡುವೆ ಹಾಳೆ ಹೀಗೆ ಬದಲಾಗುವುದು ಒಳ್ಳೆಯದು. ಮೂರು ನಾಲ್ಕು ಸಂದರ್ಶನಗಳಾದ ಮೇಲೆ ಒಮ್ಮೆ ಕುಳಿತು ಇಡಿಯಾಗಿ ತಿದ್ದುವುದು ಇನ್ನೂ ಒಳ್ಳೆಯದು. ಆಫರ್ ಪತ್ರ ಕೈಗೆ ಬಂದ ಮೇಲೆ ಮಾಡುವ ತಿದ್ದುಪಡಿಯನ್ನು ಮಾತ್ರ ಬೇರೆ ಬಣ್ಣದ ಶಾಯಿಯಲ್ಲಿ, ಪಕ್ಕದಲ್ಲಿ ಕಾರಣ ಬರೆದೇ ಮಾಡಿ ಎಂದು ಅವಳಿಗೆ ಹೇಳಿದ್ದೇನೆ, ಕೇಳುವ ಎಲ್ಲರಿಗೂ ಹೇಳುತ್ತೇನೆ. ‘ಮ್ಯಾನೇಜರ್ ಜೊತೆ ಮಾತಾಡಿದೆ, ಹೊಸ ವಿಷಯ ತಿಳಿಯಿತು’ ಎಂಬುದು ಕಾರಣವಾಗುತ್ತದೆ. ‘ಎರಡು ದಿನದಲ್ಲಿ ಉತ್ತರ ಕೊಡಬೇಕು ಎಂದಿದ್ದಾರೆ’ ಎಂಬುದು ಕಾರಣವಾಗುವುದಿಲ್ಲ. ಆಗ ಇನ್ನೊಂದು ವಾರ ಸಮಯ ಕೇಳಬಹುದು, ಮತ್ತು ಆ ಕೋರಿಕೆಗೆ ಅವರು ಕೊಡುವ ಉತ್ತರದಿಂದಲೂ ಆ ಜಾಗದ ಬಗ್ಗೆ ಸಾಕಷ್ಟು ತಿಳಿಯುತ್ತದೆ.